ಬೆಟ್ಟದ ಬುಡದಲ್ಲಿ ನಿಂತಿದ್ದ ನರ್ಸ್‌ಬಾಯಿ

ನರ್ಸ್‌ಬಾಯಿಯ ಎಡಗಿವಿಯ ಹಾಲೆ ನಡುವೆ ಸೀಳಿಹೋಗಿ ಎರಡು ತುಂಡಾಗಿ ಜೋತಾಡುತ್ತಿತ್ತು. ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದ ಹೆಂಗಸೊಬ್ಬಳು ಕೈಗೆ ಸಿಕ್ಕ ಓಲೆಯನ್ನು ಹಿಡಿದು ಎಳೆದುಬಿಟ್ಟಿದ್ದಳಂತೆ. ರಕ್ತ ಕುತ್ತಿಗೆಗೆ ಇಳಿದು ರವಿಕೆ ನೆನೆದರೂ ಇವರು ತಲೆ ಎತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಆ ಕಿವಿಯ ವಿಷಯ ಕೇಳಿದೆ.

"ಮಗು ತಲೆ ಕೈಗೆ ಬಂದಿತ್ತು. ಕಿವಿ ಬಿಡಿಸ್ಕೊಳ್ಳೋಕೆ ಕೈ ತೆಗೆದಿದ್ರೆ ಅದು ಹೋಗ್ತಿತ್ತು" ಅಂದರು. ಆಮೇಲೆ "ಮೂರನೇ ದಿನ ಹೋಯ್ತು ಅನ್ನು. ಅದು ಬೇರೆ ಮಾತು" ಎಂದು ಸೇರಿಸಿದರು.

ಭದ್ರಾವತಿಯಲ್ಲಿ ಆಗ ಹದಿನಾಲ್ಕು ಮಂಚಗಳ ಒಂದು ಧರ್ಮಾಸ್ಪತ್ರೆ ಇತ್ತು. ಈಗ ಆ ಕಟ್ಟಡವೂ ಇಲ್ಲ. ಕಬ್ಬಿಣದ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದು ಸೇರಿದ ಜನರ ಹೆಂಗಸರು ಅಲ್ಲಿಗೆ ಹೆರಿಗೆಗೆ ಬರುತ್ತಿದ್ದರು. ಹೆರಿಗೆ ಕೋಣೆಗೆ ಇವರೇ ಯಜಮಾನಿ. ಎಲ್ಲರೂ ನರ್ಸ್‌ಬಾಯಿ ಅಂತಲೇ ಕರೆಯುತ್ತಿದ್ದರು. ಅವರ ಊರು ಕೊಂಕಣದ ಕಡಲತೀರ, ಮನೆಮಾತು ಮರಾಠಿ. ಅಲ್ಲಿ ಬಾಯಿ ಅಂದರೆ ಗೌರವದ ಮಾತು. ನಮ್ಮ ಅರ್ಥದ ಬಾಯಿಯೂ ಅವರಿಗೆ ಬೇಕಾದಷ್ಟಿತ್ತು. ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಈ ಕಡೆಗೆ ವರ್ಗವಾಗಿ ಬಂದ ವರ್ಷವೇ ಮಲೇರಿಯಾದಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ಇವರು ಊರಿಗೆ ವಾಪಸು ಹೋಗದೆ ಇಲ್ಲೇ ಉಳಿದುಬಿಟ್ಟರು.

ನಾನು ಕುಂಸಿಯವಳು, ಮಿಡ್ಲ್ ಸ್ಕೂಲಿನವರೆಗೆ ಇಂಗ್ಲಿಷು ಓದಿದವಳು. ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಾಯಿಯನ್ನು ಜೊತೆಗೆ ಕಟ್ಟಿಕೊಂಡು ಕೆಲಸ ಕಲಿಯಲು ಬಂದಿದ್ದೆ. ಮೊದಲನೇ ದಿನವೇ ಸತ್ತು ಹುಟ್ಟಿದ ಮಗುವನ್ನು ನನ್ನ ಕೈಗೆ ಕೊಟ್ಟು "ತೊಳಿ" ಅಂದರು. ನಾನು ಅತ್ತೆ.

"ಏ ಪೋರಿ, ಅಳೋದಿದ್ರೆ ಮನೇಲಿ ಅಳು. ಇಲ್ಲಿ ಬಿಸಿನೀರು ಬೇಕು, ಕಣ್ಣೀರಲ್ಲ. ಚೆನ್ನಾಗಿ ತೊಳಿ. ಅದರ ತಾಯಿ ಒಂದು ಸಲ ನೋಡ್ತಾಳೆ, ಒಂದೇ ಸಲ."

ಅವರದು ಅಂಥ ಸ್ವಭಾವ. ನೋವಿಗೆ ಹೆದರಿ ಕಾಲು ಜೋಡಿಸಿಕೊಂಡ ಬಸುರಿಯ ತೊಡೆಗೆ ಪಟೀರನೆ ಹೊಡೆಯುತ್ತಿದ್ದರು. ಉಗುರಲ್ಲಿ ಕೊಳೆ ಕಂಡರೆ ಕತ್ತರಿಯ ಹಿಡಿಯಿಂದ ನಮ್ಮ ಗೆಣ್ಣಿಗೆ ಬಾರಿಸುತ್ತಿದ್ದರು. ಹೊಗಳಿದ್ದು ನನಗೆ ನೆನಪಿಲ್ಲ. ಆದರೆ ಅವರ ಕೈಯಲ್ಲಿ ಸತ್ತ ಬಾಣಂತಿಯರು ಬಹಳ ಕಡಿಮೆ.

ಅವರ ಜಾತಿ ಯಾವುದೆಂದು ಅದೇ ಊರಿನ ಜನ್ನಾಪುರದ ಹೆಂಗಸರಿಗೆ ಬಗೆಹರಿಯುತ್ತಿರಲಿಲ್ಲ. ಹಂದಿ ತಿನ್ನುವುದಿಲ್ಲವೆಂದು ಕೆಲವರು ಸಾಬರು ಅನ್ನುತ್ತಿದ್ದರು. ಹಳೆಯ ಪ್ರವಾದಿಗಳ ಹೆಸರು ಹೇಳುತ್ತಾರೆಂದು ಕೆಲವರು ಕಿರಿಸ್ತಾನರು ಅನ್ನುತ್ತಿದ್ದರು. "ಎರಡೂ ಅಲ್ಲ. ಎರಡಕ್ಕಿಂತ ಹಳೇದು" ಅನ್ನುತ್ತಿದ್ದರು ಇವರು. ಅವರು ಯೆಹೂದಿ. ಶುಕ್ರವಾರ ಸಂಜೆ ಗಾಜಿನ ಲೋಟದಲ್ಲಿ ಕೊಬ್ಬರಿ ಎಣ್ಣೆಯ ದೀಪ ಹಚ್ಚಿದರೆ ಶನಿವಾರ ಸಂಜೆಯವರೆಗೆ ಒಲೆ ಹೊತ್ತಿಸುತ್ತಿರಲಿಲ್ಲ, ತಂಗಳನ್ನವೇ ಊಟ. ಶನಿವಾರ ಹೆರಿಗೆ ಬಂದರೆ ಮಾಡಿಸುತ್ತಿದ್ದರು, ಆದರೆ ರಿಜಿಸ್ಟರಿನಲ್ಲಿ ಒಂದಕ್ಷರ ಬರೆಯುತ್ತಿರಲಿಲ್ಲ. "ಜೀವ ಉಳಿಸೋಕೆ ಅಪ್ಪಣೆ ಇದೆ. ಬರೆಯೋಕೆ ಇಲ್ಲ." ಆಸ್ಪತ್ರೆಯ ಮೇಲ್ವಿಚಾರಕರು, ನಾವು ದೊಡ್ಡ ಡಾಕ್ಟರು ಅನ್ನುತ್ತಿದ್ದವರು, ಇದಕ್ಕಾಗಿ ಅವರ ಮೇಲೆ ಹಲ್ಲು ಕಡಿಯುತ್ತಿದ್ದರು. ಶನಿವಾರದ ಮಕ್ಕಳ ಹೆಸರನ್ನೆಲ್ಲ ನಾನೇ ಬರೆದಿದ್ದೇನೆ.

ವರ್ಷಕ್ಕೊಮ್ಮೆ, ಜ್ಯೇಷ್ಠ ಮಾಸದ ಮೊದಲ ಮಳೆ ಬೀಳುವ ಹೊತ್ತಿಗೆ, ಅವರ ಕ್ವಾರ್ಟರ್ಸಿನ ಬಾಗಿಲಿಗೆ ಹಸಿರು ಸೊಪ್ಪಿನ ತೋರಣ ಬರುತ್ತಿತ್ತು. ಅವತ್ತು ಅಡಿಗೆಯೆಲ್ಲ ಹಾಲಿನದೇ. ನಾನು ಸೇರಿದ ಮೊದಲ ವರ್ಷ ಮಧ್ಯಾಹ್ನ ನನ್ನನ್ನು ಕರೆದು ಪಾಯಸ ಬಡಿಸಿದರು. ಏನು ಹಬ್ಬ ಬಾಯಿ ಅಂದೆ.

"ನಮಗೆ ತೋರಾ ಸಿಕ್ಕಿದ ದಿನ. ತೋರಾ ಅಂದ್ರೆ ನಮ್ಮ ಧರ್ಮದ ಕಟ್ಟಳೆ. ಏನು ತಿನ್ನಬೇಕು, ಯಾವತ್ತು ಕೆಲಸ ಬಿಡಬೇಕು, ಕೂಲಿಯವನ ಹತ್ರ ಹೇಗೆ ನಡ್ಕೋಬೇಕು, ಸಾಕ್ಷಿ ಹೇಗೆ ಹೇಳಬೇಕು, ಎಲ್ಲ ಅದರಲ್ಲಿದೆ."

ಅವರ ಹಿರಿಯರು ಪರದೇಶದ ರಾಜನ ಹತ್ತಿರ ಜೀತಕ್ಕಿದ್ದು, ತಪ್ಪಿಸಿಕೊಂಡು ಮರುಭೂಮಿಯ ಒಂದು ಬೆಟ್ಟದ ಬುಡಕ್ಕೆ ಬಂದಿದ್ದರು. ದೇವರು ಅಲ್ಲಿ ಅವರ ಮುಂದಾಳು ಮೋಶೆಯ ಕೈಯಲ್ಲಿ ಆ ಕಟ್ಟಳೆ ಕೊಟ್ಟ. ಅಲ್ಲಿಯವರೆಗೆ ಅವರು ಓಡಿಬಂದ ಜೀತದಾಳುಗಳ ಗುಂಪು, ಅಲ್ಲಿಂದ ಮುಂದೆ ಒಂದು ಜನಾಂಗ. ಅವತ್ತು ಅಲ್ಲಿ ನಿಂತವರು ಆಗ ಬದುಕಿದ್ದವರು ಮಾತ್ರವಲ್ಲವಂತೆ. ಮುಂದೆ ಹುಟ್ಟುವವರ ಜೀವಗಳೂ ನಿಂತಿದ್ದವಂತೆ.

"ನಾನೂ ಇದ್ದೆ" ಅಂದರು, ನಿನ್ನೆ ಶಿವಮೊಗ್ಗದ ಸಂತೆಗೆ ಹೋಗಿದ್ದೆ ಅನ್ನುವ ಹಾಗೆ. "ದೇವರು ಆ ಬೆಟ್ಟ ಕಿತ್ತು ನಮ್ಮ ತಲೆ ಮೇಲೆ ಹಿಡಿದ. ಒಪ್ಕೊಂಡ್ರೆ ಬದುಕ್ತೀರಿ, ಇಲ್ಲಾಂದ್ರೆ ಇಲ್ಲೇ ನಿಮ್ಮ ಗೋರಿ ಅಂದ. ಕೊಚ್ಚಿಯಿಂದ ಬಂದ ನಮ್ಮ ಧರ್ಮದ ಮೇಷ್ಟ್ರು ನಮ್ಮಪ್ಪನಿಗೆ ಹೇಳಿದ್ದು."

"ಹೆದರಿಸಿ ಒಪ್ಪಿಸೋನು ಎಂಥ ದೇವರು ಬಾಯಿ?"

"ನಿನ್ನ ಮದುವೆ ಮಾಡುವಾಗ ನಿನ್ನ ಕೇಳಿದ್ರಾ? ಗಂಡ ಸಾಯುವಾಗ ಕೇಳಿದ್ನಾ?"

ಅವರು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದರು.

"ಕೇಳದೆ ತಲೆ ಮೇಲೆ ಬಂದಿದ್ದನ್ನ ದಿನಾ ಎದ್ದು ನಡೆಸ್ಕೊಂಡು ಹೋಗ್ತೀವಲ್ಲ, ಅದೇ ಒಪ್ಕೊಳ್ಳೋದು. ನಮ್ಮವರು ಅವತ್ತು ಏನಂದ್ರು ಗೊತ್ತಾ? ಮೊದಲು ಮಾಡ್ತೀವಿ, ಆಮೇಲೆ ತಿಳ್ಕೋತೀವಿ ಅಂದ್ರು."

ಅವರ ಕುಲದ ಕಥೆಯೂ ಅದೇ ಬಗೆಯದು. ಎಷ್ಟೋ ಕಾಲದ ಹಿಂದೆ ಅವರ ಹಿರಿಯರ ಹಡಗು ಕೊಂಕಣದ ಹತ್ತಿರ ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ದಡ ಸೇರಿದರಂತೆ. ಪುಸ್ತಕವೆಲ್ಲ ನೀರುಪಾಲು. ಆ ಜನ ಅಲ್ಲಿ ಎಣ್ಣೆ ಗಾಣ ಹಾಕಿಕೊಂಡು ಬದುಕಿದರು. ನೂರಾರು ವರ್ಷ ಅವರಿಗೆ ಓದಲು ಒಂದು ಹಾಳೆಯೂ ಇರಲಿಲ್ಲ. ಉಳಿದದ್ದು ದೇವರು ಒಬ್ಬನೇ ಎನ್ನುವ ಒಂದು ವಾಕ್ಯ, ಶನಿವಾರದ ಬಿಡುವು, ಊಟದ ಕೆಲವು ನಿಯಮ. "ಪುಸ್ತಕ ಮುಳುಗ್ತು. ಮಾಡೋದು ಮುಳುಗಲಿಲ್ಲ" ಅನ್ನುವಾಗ ಮಾತ್ರ ಆ ಒರಟು ಮುಖದಲ್ಲಿ ಜಂಭ ಕಾಣುತ್ತಿತ್ತು.

ಎರಡನೇ ಮಹಾಯುದ್ಧ ಶುರುವಾದ ವರ್ಷದ ಯುಗಾದಿಯ ಹೊತ್ತಿಗೆ ಆಸ್ಪತ್ರೆಗೆ ಹೊಸ ಡಾಕ್ಟರೊಬ್ಬರು ಬಂದರು. ವಿಯೆನ್ನಾದವರು. ಉದ್ದ ಮೂಗು, ಕೆಂಪು ಕುತ್ತಿಗೆ, ಯಾರ ಮುಖವನ್ನೂ ನೋಡದ ಕಣ್ಣು. ಊರಿನವರಿಗೆ ಅವರು ಜರ್ಮನ್ ಡಾಕ್ಟರು. ಕತ್ತರಿ ಹಿಡಿದರೆ ಅವರ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅವರು ಯೆಹೂದಿಯಂತೆ, ಅದಕ್ಕೇ ಊರು ಬಿಟ್ಟು ಬಂದದ್ದಂತೆ ಎಂದು ಕಾಂಪೌಂಡರು ನರ್ಸ್‌ಬಾಯಿಗೆ ಹೇಳಿದ. ಅವತ್ತು ಬಾಯಿ ಎರಡು ಸಲ ಕತ್ತರಿ ಎಲ್ಲಿಟ್ಟೆನೆಂದು ಮರೆತು ಹುಡುಕಿದರು. ಹದಿಮೂರು ವರ್ಷದಿಂದ ತಮ್ಮವರು ಅನ್ನುವ ಒಬ್ಬರ ಮುಖವನ್ನೂ ಅವರು ಈ ಊರಲ್ಲಿ ಕಂಡಿರಲಿಲ್ಲ.

ತಕ್ಷಣ ಹೋಗಿ ಮಾತಾಡಿಸಲಿಲ್ಲ. ಹಬ್ಬಕ್ಕೆ ಕಾದರು. ಆ ಬೆಳಿಗ್ಗೆ ನೀಲಿ ನೂಲಿನ ಸೀರೆಯುಟ್ಟು, ಪಾಯಸದ ಪಾತ್ರೆಗೆ ಬಿಳಿ ಬಟ್ಟೆ ಕಟ್ಟಿ, "ಬಾರೇ ಪೋರಿ, ಒಬ್ಬಳೇ ಗಂಡಸಿನ ಮನೆಗೆ ಹೋಗೋದು ಚೆಂದ ಅಲ್ಲ" ಎಂದು ನನ್ನನ್ನೂ ಕರೆದುಕೊಂಡು ಡಾಕ್ಟರ ಬಂಗಲೆಗೆ ಹೋದರು. ನಾವಿಬ್ಬರೂ ಒಳಗೆ, ಅವರ ಮೇಜಿನ ಮುಂದೆ ನಿಂತೆವು. ಬಾಯಿ ಅಂಗೈಯಿಂದ ಕಣ್ಣು ಮುಚ್ಚಿ, ದೇವರು ಒಬ್ಬನೇ ಎನ್ನುವ ಆ ಒಂದು ವಾಕ್ಯವನ್ನು ತಮ್ಮ ದೇವಭಾಷೆಯಲ್ಲಿ ಹೇಳಿದರು. ಆಮೇಲೆ ಹರಕು ಇಂಗ್ಲಿಷಿನಲ್ಲಿ, ಇವತ್ತು ಹಬ್ಬ, ನಾವು ಒಂದೇ ಜನ, ಊಟಕ್ಕೆ ಬನ್ನಿ ಅಂದರು.

ಡಾಕ್ಟರು ಮೊದಲು ನಕ್ಕರು. ಈ ಗಿಣಿಪಾಠ ಯಾರು ಕಲಿಸಿದರು ಅಂದರು. ಆಮೇಲೆ ನಗು ನಿಂತುಹೋಯಿತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೊಂದು ಮಾತೂ ನನಗೆ ಅರ್ಥವಾಯಿತು.

"ನಾನು ಯೆಹೂದಿ ಅಲ್ಲ. ನಮ್ಮಪ್ಪ ನನಗೆ ಎಳವೆಯಲ್ಲೇ ಇಗರ್ಜಿಯಲ್ಲಿ ನೀರು ಹಾಕಿಸಿ ಕ್ರೈಸ್ತನನ್ನಾಗಿ ಮಾಡಿದ. ಆದರೂ ಆ ಒಂದು ಪದಕ್ಕಾಗಿ ನನ್ನನ್ನು ಬೀದಿಯಲ್ಲಿ ಮಂಡಿಯೂರಿಸಿ ಬ್ರಷ್ಷಿನಿಂದ ಕಲ್ಲು ಉಜ್ಜಿಸಿದರು. ನನ್ನ ರೋಗಿಗಳು ಸುತ್ತ ನಿಂತು ನಗುತ್ತಿದ್ದರು. ಆ ಪದದಿಂದ ಓಡಿಬಂದಿದ್ದೇನೆ ನಾನು. ಈಗ ನೀನು, ಒಬ್ಬ ಕರಿ ಸೂಲಗಿತ್ತಿ, ಅದನ್ನೇ ಪಾತ್ರೆಯಲ್ಲಿಟ್ಟು ತರುತ್ತೀಯ? ನೀನು ಯೆಹೂದಿಯಾದರೆ ನಾನಂತೂ ಖಂಡಿತ ಅಲ್ಲ. ತೊಲಗು."

ಬಾಯಿಯ ಸೀಳುಕಿವಿ ಕೆಂಪಾಯಿತು. ಆದರೆ ದನಿ ಏರಲಿಲ್ಲ. "ಆ ದಿನ ಬೆಟ್ಟದ ಬುಡದಲ್ಲಿ ನೀವೂ ಇದ್ರಿ, ನಾನೂ ಇದ್ದೆ. ನೀವು ನನ್ನ ಕಡೆ ನೋಡಿರಲಿಲ್ಲ, ಅಷ್ಟೆ" ಅಂದರು.

ದಾರಿಯಲ್ಲಿ ಕೂಲಿ ಲೈನಿನ ಮಕ್ಕಳನ್ನು ಕರೆದು ಪಾಯಸವನ್ನೆಲ್ಲ ಹಂಚಿದರು. ಖಾಲಿ ಪಾತ್ರೆ ನನ್ನ ಕೈಗೆ ಕೊಟ್ಟು, "ಅವನ ಇಂಗ್ಲಿಷು ತಿಳೀತಾ ನಿಂಗೆ?" ಅಂದರು.

"ತಿಳೀತು ಬಾಯಿ."

"ಹೂಂ" ಅಂದರು, ಅಷ್ಟೇ.

ಮೂರು ತಿಂಗಳಿಗೆ ಯುದ್ಧ ಬಂತು. ಗಣಪತಿ ಹಬ್ಬದ ಆಸುಪಾಸಿನಲ್ಲಿ ಶಿವಮೊಗ್ಗದಿಂದ ಇನ್ಸ್‌ಪೆಕ್ಟರೊಬ್ಬರು ಬಂದರು. ಜರ್ಮನಿಯ ಕಡೆಯವರನ್ನೆಲ್ಲ ಶತ್ರುಗಳೆಂದು ಹಿಡಿದು ದೂರದ ಶಿಬಿರಕ್ಕೆ ಕಳಿಸಬೇಕೆಂದು ಹುಕುಂ ಆಗಿತ್ತು. ಜರ್ಮನರಿಂದಲೇ ತಪ್ಪಿಸಿಕೊಂಡು ಬಂದ ಯೆಹೂದಿಯೆಂದು ತೋರಿಸಿದರೆ ಬಿಡಬಹುದಿತ್ತು. ಡಾಕ್ಟರ ಕಾಗದಗಳಲ್ಲೆಲ್ಲ ಕ್ರೈಸ್ತ ಎಂದೇ ಇತ್ತು. "ನಾನು ಯೆಹೂದಿ! ಬೇಕಾದರೆ ಆ ನರ್ಸನ್ನು ಕೇಳಿ, ಅವಳೂ ಅದೇ ಜನ" ಎಂದು ಅವರೇ ಇನ್ಸ್‌ಪೆಕ್ಟರನ್ನು ಹೆರಿಗೆ ಕೋಣೆಗೆ ಕರೆತಂದರು.

ಬಾಯಿ ಕೈ ತೊಳೆಯುತ್ತಿದ್ದರು.

"ಇವರು ನಿಮ್ಮವರೇನಮ್ಮ?" ಅಂದರು ಇನ್ಸ್‌ಪೆಕ್ಟರು.

ಬಾಯಿ ಡಾಕ್ಟರ ಮುಖವನ್ನೇ ನೋಡಿದರು. ಅವರ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

"ಯೆಹೂದಿ ಅಲ್ಲ ಅಂತ ಇವರೇ ತಮ್ಮ ಬಾಯಾರೆ ನನ್ನ ಹತ್ರ ಹೇಳಿದಾರೆ" ಅಂದರು ಬಾಯಿ. ಕೈ ಒರೆಸಿಕೊಂಡು ಹೇಳಿಕೆಗೆ ರುಜು ಹಾಕಿದರು.

ಮಧ್ಯಾಹ್ನದ ರೈಲಿಗೆ ಡಾಕ್ಟರನ್ನು ಒಂದು ಟ್ರಂಕಿನೊಂದಿಗೆ ಕರೆದೊಯ್ದರು. ಸ್ಟೇಷನ್ನಿನಲ್ಲಿ ಅವರ ಮೇಲೆ ಯಾರೋ ಉಗಿದರಂತೆ. ಕಾಂಪೌಂಡರು ಬಂದು ಅದನ್ನು ಹೇಳಿದಾಗ ಬಾಯಿಯ ತುಟಿಯಲ್ಲಿ ಒಂದು ಗೆರೆ ನಗು ಬಂದು ಹೋಯಿತು. ನನ್ನ ಕಣ್ಣಾರೆ ಕಂಡೆ. ಅವರನ್ನು ಒಳ್ಳೆಯವರೆಂದು ಮಾತ್ರ ಬರೆಯಲು ನನಗೆ ಮನಸ್ಸಿಲ್ಲ.

ಆದರೆ ಆ ವಾರ ಅವರು ಸರಿಯಾಗಿ ಉಣ್ಣಲಿಲ್ಲ. ಶನಿವಾರ ತಂಗಳಿನ ಮುಂದೆ ಕುಳಿತು ತಟ್ಟೆ ಸರಿಸಿದರು.

"ಬಾಯಿ, ನೀವು ಹೇಳಿದ್ದು ನಿಜ ತಾನೇ?" ಅಂದೆ.

"ನಿಜ. ನಿಜಾನೇ ಚೂರಿ ಮಾಡ್ಕೊಂಡು ಚುಚ್ಚಿದೆ. ಅವರು ಕೇಳಿದ್ದು ಅವನು ಏನಂದ ಅಂತಲ್ಲ, ಅವನು ಏನು ಅಂತ. ನಮ್ಮ ಜನದ ತಾಯಿ ಹೊಟ್ಟೇಲಿ ಹುಟ್ಟಿದವನು ಅಲ್ಲ ಅಂತ ಸಾವಿರ ಸಲ ಕೂಗಿದ್ರೂ ನಮ್ಮವನೇ. ಬೆಟ್ಟದ ಹತ್ರ ಇದ್ದವನು ಇದ್ದವನೇ. ನಂಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ಸೋಮವಾರ ಶಿವಮೊಗ್ಗಕ್ಕೆ ಹೊರಟರು. ಇನ್ನೊಂದು ಹೇಳಿಕೆ ಕೊಟ್ಟರು: ಆತ ಯೆಹೂದಿ, ನಾನು ಮೊದಲು ತಿಳಿಸಿದ್ದು ಆತ ಸಿಟ್ಟಿನಲ್ಲಿ ಆಡಿದ ಮಾತು, ಉಳಿದದ್ದನ್ನು ದ್ವೇಷದಿಂದ ಮುಚ್ಚಿಟ್ಟೆ. ಕನ್ನಡದಲ್ಲಿ ಅದನ್ನು ಬರೆದುಕೊಟ್ಟವಳು ನಾನೇ. "ದ್ವೇಷದಿಂದ" ಅನ್ನುವ ಪದ ಬೇಡವೆಂದೆ. "ಹಾಕು" ಅಂದರು. ಬೊಂಬಾಯಿಯಲ್ಲಿದ್ದ ತಮ್ಮ ಧರ್ಮದವರಿಗೂ ಡಾಕ್ಟರನ್ನು ಬಿಡಿಸಿರೆಂದು ಮರಾಠಿಯಲ್ಲಿ ಕಾಗದ ಬರೆದರು.

ಒಬ್ಬಳೇ ಎರಡು ಹೇಳಿಕೆ ಕೊಟ್ಟದ್ದು ಇನ್ಸ್‌ಪೆಕ್ಟರಿಗೆ ಹಿಡಿಸಲಿಲ್ಲ. ದೊಡ್ಡ ಡಾಕ್ಟರಿಗೆ ಬೇಕಾಗಿದ್ದೂ ಅದೇ. ವಿಚಾರಣೆ ಎಂದು ಗೊತ್ತು ಮಾಡಿದರು. ಹಿಂದಿನ ದಿನ ದೊಡ್ಡ ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದರು.

"ನೋಡಮ್ಮ, ಯುದ್ಧದ ಕಾಲ. ಶತ್ರು ದೇಶದವನ ಮನೆಯೊಳಗೆ ಹಬ್ಬದೂಟ ತಗೊಂಡು ಹೋಗಿದ್ದೆ ಅಂತ ನಿನ್ನ ಹೆಸರೂ ದಾಖಲಾದ್ರೆ ನಿನ್ನ ಗತಿ ಏನು? ನಿನ್ನ ತಾಯಿ ಗತಿ ಏನು? ಆಕೆ ಜಾಗ ಖಾಲಿ ಆಗುತ್ತೆ. ಕೆಲಸ ಬಲ್ಲೋಳು ನೀನೊಬ್ಬಳೇ ಇರೋದು."

ಮರುದಿನ ಅದೇ ಕೋಣೆಯಲ್ಲಿ ಇನ್ಸ್‌ಪೆಕ್ಟರು, ದೊಡ್ಡ ಡಾಕ್ಟರು, ಬಾಯಿ, ನಾನು. ತಾನು ಯೆಹೂದಿ ಅಲ್ಲ ಎಂದು ಆ ಡಾಕ್ಟರು ನಿಜವಾಗಿ ಅಂದಿದ್ದರೇ, ಅಥವಾ ಈ ಹೆಂಗಸು ಹಗೆಗೆ ಹುಟ್ಟಿಸಿ ಹೇಳಿದ್ದಾಳೆಯೇ ಅನ್ನುವುದೇ ಪ್ರಶ್ನೆ. ಅಂದಿದ್ದರೆ ಬಾಯಿಯ ಎರಡು ಹೇಳಿಕೆಯೂ ನಿಲ್ಲುತ್ತಿತ್ತು. ನಾನು ಕೇಳಿದ್ದೆ ಅಂದಿದ್ದರೆ ಸಾಕಿತ್ತು.

"ನೀನು ಜೊತೆಗಿದ್ದೆಯಂತೆ. ಏನು ಕೇಳಿದೆ?" ಅಂದರು ಇನ್ಸ್‌ಪೆಕ್ಟರು.

"ನಾನು ಹೊರಗೆ ಜಗಲಿ ಮೇಲಿದ್ದೆ. ನನಗೇನೂ ಕೇಳಿಸಲಿಲ್ಲ" ಅಂದೆ.

ಬಾಯಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಉಗುರು ಪರೀಕ್ಷಿಸುವಾಗ ನೋಡುತ್ತಿದ್ದರಲ್ಲ, ಹಾಗೆ ನೋಡಿದರು.

"ಇವಳು ಹೇಳಿದ್ದು ಸರಿಯೇನಮ್ಮ?" ಅಂದರು ದೊಡ್ಡ ಡಾಕ್ಟರು.

"ಅವಳ ಕಿವಿ ಅವಳದು. ಅದಕ್ಕೆ ಸಾಕ್ಷಿ ನಾನು ಹೇಳಲ್ಲ."

ಸುಳ್ಳು ಹೇಳಿಕೆ ಕೊಟ್ಟವಳೆಂದು ಅವರನ್ನು ಕೆಲಸದಿಂದ ತೆಗೆದರು. ಕ್ವಾರ್ಟರ್ಸ್ ಬಿಡಲು ಒಂದು ದಿನ ಕೊಟ್ಟರು. ಬಾಗಿಲ ಚೌಕಟ್ಟಿಗೆ ಅವರು ಒಂದು ಸಣ್ಣ ತಗಡಿನ ಕೊಳವೆ ಹೊಡೆದಿದ್ದರು. ಅದರೊಳಗೆ ತೋರಾದ ಸಾಲುಗಳನ್ನು ಬರೆದ ಚರ್ಮದ ಸುರುಳಿ. ಒಳಗೆ ಹೊರಗೆ ಹೋಗುವಾಗ ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಮೊಳೆ ತುಕ್ಕು ಹಿಡಿದು ಬರಲಿಲ್ಲ. ಮುಲಾಜಿಲ್ಲದೆ ಕಾವಲುಗಾರ ಸುತ್ತಿಗೆಯಿಂದ ಹೊಡೆದು ಕಿತ್ತ, ಕೊಳವೆ ಚಪ್ಪಟೆಯಾಯಿತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವರು ಶಿವಮೊಗ್ಗದ ಗಾಡಿ ಹತ್ತಿದರು. ತಿಂಗಳು ಮುಗಿಯುವ ಮುಂಚೆ ಅವರ ಜಾಗ, ಆ ಕ್ವಾರ್ಟರ್ಸು ಎರಡೂ ನನಗೆ ಬಂದವು.

ಶಿವಮೊಗ್ಗದಲ್ಲಿ ಕೋಟೆಯ ಹತ್ತಿರ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದು ಮನೆಮನೆಗೆ ಹೋಗಿ ಹೆರಿಗೆ ಮಾಡಿಸತೊಡಗಿದರು. ನಾನು ಭಾನುವಾರ ಹೋಗುತ್ತಿದ್ದೆ. ಮೊದಲ ಭಾನುವಾರ ಬಾಗಿಲಲ್ಲೇ ನಿಂತೆ. "ಬಂದ್ಯಾ? ಆ ಬಟ್ಟೆ ಕುದಿಸು" ಅಂದರು. ವಿಚಾರಣೆಯ ಮಾತು ಎತ್ತಲೇ ಇಲ್ಲ, ಅವತ್ತೂ, ಆಮೇಲೂ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಅಂಥದೊಂದು ಭಾನುವಾರ ಡಾಕ್ಟರು ಬಂದರು. ಬಿಡುಗಡೆಯಾಗಿತ್ತು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಆ ಅಲುಗದ ಕೈ ಈಗ ಟೋಪಿ ಹಿಡಿದು ನಡುಗುತ್ತಿತ್ತು.

"ನಿನ್ನ ಹೇಳಿಕೆ ಎರಡನ್ನೂ ತೋರಿಸಿದರು. ಮೊದಲನೆಯದೇ ನಿಜವಲ್ಲವೆ?" ಅಂದರು ಇಂಗ್ಲಿಷಿನಲ್ಲಿ.

"ಮೊದಲನೇದು ನಿಮ್ಮ ಮಾತು. ಎರಡನೇದು ನಂದು."

"ನನಗಾಗಿ ಕೆಲಸ ಕಳೆದುಕೊಂಡೆಯಂತೆ."

"ನಿಮಗೋಸ್ಕರ ಅಲ್ಲ."

ಒಳಗೆ ಬರಲೇ ಎಂದು ಕೇಳಿದರು. ಬಾಯಿ ಬಾಗಿಲು ಬಿಟ್ಟು ಸರಿಯಲಿಲ್ಲ. "ಹಬ್ಬಕ್ಕೆ ಕರೆದಿದ್ದೆ. ಆ ಹಬ್ಬ ಆಗೋಯ್ತು" ಅಂದರು. ಡಾಕ್ಟರು ಟೋಪಿ ಹಾಕಿಕೊಂಡು ಹೋಗಿಬಿಟ್ಟರು. ಅವರು ಬೀದಿ ತಿರುಗುವವರೆಗೂ ಬಾಯಿ ಹೊಸ್ತಿಲಲ್ಲೇ ಇದ್ದರು. ಕರೆಯುತ್ತಾರೇನೋ ಅಂದುಕೊಂಡೆ. ಕರೆಯಲಿಲ್ಲ.

ಯುದ್ಧ ಮುಗಿದ ವರ್ಷ ಬೊಂಬಾಯಿಯಿಂದ ಬಾಯಿಗೆ ಡಾಕ್ಟರದೊಂದು ಕಾರ್ಡು ಬಂತು. ಇಂಗ್ಲಿಷಿನಲ್ಲಿದ್ದುದರಿಂದ ನಾನೇ ಓದಿದೆ. ತಾಯಿ, ತಂಗಿ, ತಂಗಿಯ ಇಬ್ಬರು ಮಕ್ಕಳು, ಯಾರೂ ಉಳಿದಿಲ್ಲ, ಕೊಂದುಬಿಟ್ಟಿದ್ದಾರೆ, ಯಾರಿಗೆ ಬರೆಯಬೇಕೋ ತಿಳಿಯಲಿಲ್ಲ, ಅಷ್ಟೇ ಇತ್ತು. ಬಾಯಿ ಇನ್ನೊಂದು ಸಲ ಓದಿಸಿದರು. ಆಮೇಲೆ ರವಿಕೆಯ ಕತ್ತಿನ ಅಂಚು ಹಿಡಿದು ಪರ್ ಎಂದು ಹರಿದು, ಬರಿನೆಲದ ಮೇಲೆ ಕುಳಿತರು. ಅವರಲ್ಲಿ ಸಾವಿಗೆ ಹಾಗೆ ಏಳು ದಿನ ಕೂರಬೇಕು.

"ಅವರು ನಿಮಗೇನಾಗಬೇಕು ಬಾಯಿ?"

"ಅವನಿಗೆ ಕೂರೋದು ಹೇಗೆ ಅಂತ ಯಾರೂ ಕಲಿಸಿಲ್ಲ. ಅದಕ್ಕೆ ನಾನು ಕೂತ್ಕೋತೀನಿ."

ಏಳು ದಿನ ಯಾವ ಹೆರಿಗೆಗೂ ಹೋಗಲಿಲ್ಲವೆಂದಲ್ಲ. ಎರಡು ಸಲ ಕರೆ ಬಂತು, ಎದ್ದು ಹೋದರು, ಬಂದು ಮತ್ತೆ ಕುಳಿತರು.

ಮರುವರ್ಷ, ಮಗು ಹೊಟ್ಟೆಯಲ್ಲೇ ಸತ್ತು ಕೊಳೆತಿದ್ದ ಹೆರಿಗೆಯೊಂದರಲ್ಲಿ ಅವರ ಬೆರಳಿಗೆ ಗಾಯವಾಗಿ ನಂಜೇರಿತು. ಆಸ್ಪತ್ರೆಯಲ್ಲಿದ್ದಾಗ ಕೈಗೆ ರಬ್ಬರಿನ ಗ್ಲೌಸು ಇರುತ್ತಿತ್ತು. ಮನೆಮನೆ ತಿರುಗುವ ಸೂಲಗಿತ್ತಿಗೆ ಅದನ್ನು ಕೊಡುವವರು ಯಾರು? ನನ್ನ ಕಪಾಟಿನಲ್ಲಿ ಆರು ಜೊತೆ ಇದ್ದವು. ಕೇಳಲು ಅವರು ಬಾಯಿ ಬಿಡುವವರಲ್ಲ. ಒಯ್ದು ಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಸುದ್ದಿ ತಿಳಿದು ನಾನು ಹೋಗುವಾಗ ತೋಳು ಭುಜದವರೆಗೆ ಊದಿ ಕಪ್ಪಗಾಗಿತ್ತು. ಬೆಳಗಿನ ಹತ್ತು ಗಂಟೆಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಬುದ್ಧಿ ಸ್ಪಷ್ಟವಾಗಿತ್ತು.

"ಸುಡಬಾರದು. ಮಣ್ಣಿಗೇ ಹಾಕಿಸು. ಬಿಳಿ ಬಟ್ಟೆ ಸಾಕು, ಹೂವು ಬೇಡ" ಅಂದರು. ಆಯಿತೆಂದೆ. ಆಮೇಲೆ ನಾನು ತಡೆಯಲಾರದೆ ಅವರ ಕಾಲು ಹಿಡಿದುಕೊಂಡೆ.

"ಬಾಯಿ, ಅವತ್ತು ನಾನು ಒಳಗೇ ಇದ್ದೆ. ಎಲ್ಲಾ ಕೇಳಿಸಿತ್ತು."

"ನಂಗೊತ್ತಿಲ್ವಾ? ಪಕ್ಕದಲ್ಲೇ ಇದ್ದೆಯಲ್ಲ."

"ಕ್ಷಮಿಸಿದೆ ಅಂತ ಒಂದು ಮಾತು ಹೇಳಿ."

ಅವರು ಉಸಿರು ಕೂಡಿಸಿಕೊಂಡರು.

"ಹೇಳಿದ್ರೆ ನಿಂಗೆ ಹಗುರಾಗುತ್ತೆ. ಹಗುರಾಗಬೇಡ ಪೋರಿ. ಹೊತ್ಕೊಂಡು ನಡಿ."

ಅದೇ ಮಧ್ಯಾಹ್ನ ಹೋದರು. ಅವರಲ್ಲಿ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಒಬ್ಬರೂ ಇರಲಿಲ್ಲ. ಅವರ ಕೈಯಲ್ಲಿ ಹೆತ್ತ ಹೆಂಗಸೊಬ್ಬಳ ಗಂಡ ತನ್ನ ಹೊಲದ ಬದುವಿನಲ್ಲಿ ಜಾಗ ಕೊಟ್ಟ. ಅವರು ಕಲಿಸಿದ ಹಾಗೆ ನಾನೇ ಅವರನ್ನು ತೊಳೆದೆ, ಉಗುರಿನ ಸಂದಿಯನ್ನೂ ಬಿಡದೆ.

ಇಪ್ಪತ್ತಾರು ವರ್ಷ ಅವರ ಜಾಗದಲ್ಲಿ ಕೆಲಸ ಮಾಡಿದೆ. ನನ್ನ ಕೈಯಲ್ಲಿ ಹುಟ್ಟಿದವರು ಇವತ್ತಿಗೂ ದಾರಿಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಾರೆ, ದೊಡ್ಡ ಮನಸ್ಸಿನವರು ಅನ್ನುತ್ತಾರೆ. ನಾನು ಅವರನ್ನು ತಿದ್ದಿಲ್ಲ. ನನ್ನನ್ನು ವಿಚಾರಿಸಿದ ಇನ್ಸ್‌ಪೆಕ್ಟರೂ ಇಲ್ಲ, ದೊಡ್ಡ ಡಾಕ್ಟರೂ ಇಲ್ಲ. ಈಗ ಹೇಳಿದರೆ ಯಾರ ಕೆಲಸವೂ ಹೋಗುವುದಿಲ್ಲ, ಯಾರ ಮಾನವೂ ಉಳಿಯುವುದಿಲ್ಲ. ಆದರೂ ಬರೆಯುತ್ತೇನೆ: ನಾನು ಜಗಲಿಯ ಮೇಲಿರಲಿಲ್ಲ. ಒಳಗೆ, ಬಾಯಿಯ ಬಲಗಡೆ, ಒಂದು ಮಾರು ದೂರದಲ್ಲಿ ನಿಂತಿದ್ದೆ. ಡಾಕ್ಟರು ಆಡಿದ ಮಾತು ನಿಜವಾಗಿ ಆಡಿದ್ದೇ. ನರ್ಸ್‌ಬಾಯಿ ಸುಳ್ಳು ಹೇಳಲಿಲ್ಲ.